ಪಶ್ಚಿಮದ ಗೋಡೆಗೆ ಇಟ್ಟಂಗಿಯೋ, ಎಎಸಿ ಬ್ಲಾಕೋ? ಕಾವಿನ ಲೆಕ್ಕ ಹಾಕೋದು ಹೇಗೆ?

ಪ್ರಶ್ನೆ (ವಿಜಯಪುರ):
ನಮಸ್ಕಾರ ಸರ್. ಮನೆ ಕಟ್ಟಿಸುತ್ತಿದ್ದೇವೆ, ಪಾಯ ಮುಗಿದಿದೆ. ಮಲಗುವ ಕೋಣೆ ಪಶ್ಚಿಮಕ್ಕೆ ಬಂದಿದೆ. ಆ ಕಡೆ ಗೋಡೆ 12 ಅಡಿ ಉದ್ದ, 10 ಅಡಿ ಎತ್ತರ, ಕಿಟಕಿ ಇಲ್ಲ. ಗೌಂಡಿ 9 ಇಂಚಿನ ಇಟ್ಟಂಗಿ ಗೋಡೆ ಸಾಕು ಅನ್ನುತ್ತಾರೆ. ನನ್ನ ತಮ್ಮ 8 ಇಂಚಿನ ಎಎಸಿ ಬ್ಲಾಕ್ (ಒಳಗೆ ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್ ಬ್ಲಾಕ್) ಹಾಕಿಸು ಅನ್ನುತ್ತಾನೆ. ಮಾವನವರು ಎರಡಕ್ಕೂ ಒಪ್ಪುವುದಿಲ್ಲ. ಹಳೇ ಮನೆಯ ಎರಡು ಅಡಿ ಮಣ್ಣಿನ ಗೋಡೆಗೆ ಯಾವುದೂ ಸಮ ಇಲ್ಲ ಅನ್ನೋದು ಅವರ ಮಾತು. ನಾನೇ ಕೂತು ಲೆಕ್ಕ ಹಾಕಿದೆ. ಇಟ್ಟಂಗಿಯ ಕೆ ವ್ಯಾಲ್ಯೂ (ಕಾವು ಎಷ್ಟು ಸುಲಭವಾಗಿ ಹಾಯುತ್ತದೆ ಅನ್ನೋ ಅಂಕಿ) 0.81, ದಪ್ಪ 0.23 ಮೀಟರ್, ಹೊರಗೆ 40 ಡಿಗ್ರಿ, ಒಳಗೆ ಎಸಿ ಹಾಕಿ 28. ಗೋಡೆಯಿಂದ ಒಳಗೆ ಬರುವ ಕಾವು ಸುಮಾರು 470 ವ್ಯಾಟ್ ಬಂತು. ಸರಿ ಇದೆಯಾ?

ಉತ್ತರ:
ದಾರಿ ಸರಿ ಇದೆ ಅಕ್ಕಾರ, ಎರಡು ವಿಷಯ ಬಿಟ್ಟುಹೋಗಿವೆ. ಒಂದರಿಂದ ಕಾವು ಜಾಸ್ತಿ ಬಂದಿದೆ, ಇನ್ನೊಂದರಿಂದ ಕಡಿಮೆ ಬಂದಿದೆ. ಹಾಗಾಗಿ ನಿಮ್ಮ 470 ನೋಡೋಕೆ ಒಪ್ಪುವಂತೆಯೇ ಇದೆ.

ಮೊದಲನೆಯದು ಪದರಗಳು. ಗೋಡೆ ಅಂದರೆ ಬರೀ ಇಟ್ಟಂಗಿ ಅಲ್ಲ. ಹೊರಗೆ 20 ಮಿಲಿಮೀಟರ್ ಗಿಲಾವು, ಒಳಗೆ 12 ಮಿಲಿಮೀಟರ್ ಗಿಲಾವು. ಅದಲ್ಲದೆ ಗೋಡೆಯ ಎರಡೂ ಮೈಗೆ ಗಾಳಿಯ ತೆಳು ಪದರ ಅಂಟಿಕೊಂಡಿರುತ್ತದೆ, ಅದೂ ಕಾವನ್ನು ತಡೆಯುತ್ತದೆ. ಪ್ರತಿ ಪದರದ ದಪ್ಪವನ್ನು ಮೀಟರಿನಲ್ಲಿ ಹಿಡಿದು ಅದರ ಕೆ ಇಂದ ಭಾಗಿಸಿದರೆ ಆ ಪದರದ ಆರ್, ಅಂದರೆ ತಡೆ, ಸಿಗುತ್ತದೆ. ಕೂಡಿಸಬೇಕಾದ್ದು ಈ ತಡೆಗಳನ್ನು. ಕೆಲವರು ಕೆಗಳನ್ನು ಕೂಡಿಸಿ ಸರಾಸರಿ ತೆಗೆಯುತ್ತಾರೆ, ಅದು ಪೂರ್ತಿ ತಪ್ಪು.

ಗಿಲಾವಿನ ಕೆ 0.72 ಹಿಡಿಯೋಣ. ಹೊರಗಿನ ಗಾಳಿಗೆ 0.04, ಒಳಗಿನ ಗಾಳಿಗೆ 0.13 ಅಂತ ಹಿಡಿಯೋದು ರೂಢಿ. ಹೊರಗಿನಿಂದ ಒಳಗೆ ಬನ್ನಿ: 0.04 + 0.028 + 0.284 + 0.017 + 0.13. ಒಟ್ಟು 0.499. ಒಂದನ್ನು ಇದರಿಂದ ಭಾಗಿಸಿದರೆ ಯು ವ್ಯಾಲ್ಯೂ 2.0. ಅಂದರೆ ಒಂದು ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿಗೆ 2 ವ್ಯಾಟ್. ನೀವು ಹಿಡಿದದ್ದು 3.5 (0.81 ÷ 0.23). ತಡೆಯಲ್ಲಿ ಮೂರನೇ ಒಂದು ಪಾಲು ಬರೀ ಗಾಳಿಯದ್ದೇ ನೋಡಿ!

ಎರಡನೆಯದು ಬಿಸಿಲು. ನೆರಳಿನಲ್ಲಿ 40 ಡಿಗ್ರಿ ಇದ್ದಾಗ ಪಶ್ಚಿಮದ ಗೋಡೆಯ ಮೈ 40 ಇರುತ್ತದಾ? ಸಂಜೆ ನಾಲ್ಕಕ್ಕೆ ಕೈ ಇಟ್ಟು ನೋಡಿ. ಏಪ್ರಿಲ್-ಮೇ ತಿಂಗಳಲ್ಲಿ ಆ ಹೊತ್ತಿಗೆ ಅದರ ಮೇಲೆ ಚದರ ಮೀಟರಿಗೆ ಸುಮಾರು 600 ವ್ಯಾಟ್ ಬಿಸಿಲು ಬೀಳುತ್ತದೆ. ಬಣ್ಣ ಹಚ್ಚದ ಸಿಮೆಂಟ್ ಗಿಲಾವು ಅದರಲ್ಲಿ ನೂರಕ್ಕೆ 60ರಷ್ಟು ಹೀರಿಕೊಳ್ಳುತ್ತದೆ. ಇದನ್ನು ಹೊರಗಿನ ಗಾಳಿಯ ತಡೆ 0.04 ಇಂದ ಗುಣಿಸಿ, 600 × 0.6 × 0.04 ಮಾಡಿದರೆ 14 ಡಿಗ್ರಿ. ಲೆಕ್ಕಕ್ಕೆ ಹೊರಗೆ 40 ಅಲ್ಲ, 54 ಹಿಡಿಯಬೇಕು. ಆಗ ಒಳಗಿಗೂ ಹೊರಗಿಗೂ ವ್ಯತ್ಯಾಸ 26. ನಿಮ್ಮ ಗೋಡೆ 11.15 ಚದರ ಮೀಟರ್. 2.0 × 11.15 × 26 = ಸುಮಾರು 580 ವ್ಯಾಟ್.

ಈಗ ಎಎಸಿ. ಕೆ 0.18 ಹಿಡಿಯಿರಿ. ಒಣ ಬ್ಲಾಕಿಗೆ ಇದಕ್ಕಿಂತ ಕಡಿಮೆ ಅಂಕಿ ಬರೆದಿರುತ್ತಾರೆ, ಆದರೆ ಗೋಡೆಯೊಳಗೆ ಸ್ವಲ್ಪ ತೇವ ಇದ್ದೇ ಇರುತ್ತದೆ. 0.20 ಮೀಟರಿಗೆ ತಡೆ 1.11, ಗಿಲಾವು ಗಾಳಿ ಎಲ್ಲಾ ಸೇರಿ 1.33. ಯು 0.75. ಕಾವು 220 ವ್ಯಾಟಿಗೆ ಇಳಿಯಿತು. ನಿಮ್ಮ ತಮ್ಮ ಗೆದ್ದ ಅನ್ನಿ.

ವ್ಯಾಟಿಗಿಂತ ನಿಮಗೆ ಮುಖ್ಯವಾದ ಅಂಕಿ ಇನ್ನೊಂದಿದೆ, ಗೋಡೆಯ ಒಳಮೈ ಎಷ್ಟು ಬಿಸಿ ಅನ್ನೋದು. ಇಟ್ಟಂಗಿಯಲ್ಲಿ ಚದರ ಮೀಟರಿಗೆ 52 ವ್ಯಾಟ್ ಬರುತ್ತದೆ. ಅದನ್ನು ಒಳಗಾಳಿಯ 0.13 ಇಂದ ಗುಣಿಸಿದರೆ ಹತ್ತಿರ 7 ಡಿಗ್ರಿ. ಎಸಿ 28 ತೋರಿಸುತ್ತಿದ್ದರೂ ಗೋಡೆ 35 ಇರುತ್ತದೆ. ಅದರ ಪಕ್ಕ ಮಂಚ ಹಾಕಿದರೆ ರಾತ್ರಿ ಝಳ ಬಡಿಯುತ್ತದೆ. ಎಎಸಿಯಲ್ಲಿ ಅದೇ ಮೈ 30.5.

ಇಟ್ಟಂಗಿಯೇ ಹಾಕುವುದಾದರೆ ಹೊರಗೆ ಬಿಳಿ ಬಣ್ಣ ಹಚ್ಚಿಸಿ. ಹೀರಿಕೆ 0.3ಕ್ಕೆ ಇಳಿದು 580ರ ಜಾಗದಲ್ಲಿ 425 ವ್ಯಾಟ್ ಆಗುತ್ತದೆ. ನಮ್ಮ ಧೂಳಿನಲ್ಲಿ ಬಿಳಿ ಬಿಳಿಯಾಗೇ ಉಳಿಯೋದಿಲ್ಲ, ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಹಚ್ಚಬೇಕು.

ಮಾವನವರ ವಿಷಯ. 0.6 ಮೀಟರ್ ಮಣ್ಣಿನ ಗೋಡೆಗೆ ಕೆ 0.75 ಹಿಡಿದರೆ ಯು ಸುಮಾರು 1.0. ಲೆಕ್ಕದಲ್ಲಿ 8 ಇಂಚಿನ ಎಎಸಿಯೇ ಮೇಲು. ಇದನ್ನು ಅವರ ಮುಂದೆ ಹೇಳೋದು ನಿಮ್ಮ ಧೈರ್ಯ! ಆದರೆ ಅವರ ಮಾತಿನಲ್ಲೂ ನಿಜ ಇದೆ. ಯು ಲೆಕ್ಕ ಹೊರಗಿನ ಬಿಸಿ ದಿನವಿಡೀ ಒಂದೇ ಸಮ ಇರುತ್ತದೆ ಅಂತ ತಿಳಿದು ಹಾಕಿದ್ದು. ನಿಜವಾಗಿ ಬಿಸಿಲು ಏರಿ ಇಳಿಯುತ್ತದೆ. 9 ಇಂಚಿನ ಇಟ್ಟಂಗಿ ದಾಟೋಕೆ ಕಾವಿಗೆ ಆರೇಳು ತಾಸು ಬೇಕು. ನಾಲ್ಕು ಗಂಟೆಯ ಬಿಸಿಲು ರಾತ್ರಿ ಹತ್ತಕ್ಕೆ, ಸರಿಯಾಗಿ ಮಲಗುವ ಹೊತ್ತಿಗೆ ಒಳಗೆ ಬರುತ್ತದೆ. ಎರಡು ಅಡಿ ಮಣ್ಣಿನಲ್ಲಿ ಅರ್ಧ ದಿನಕ್ಕೂ ಜಾಸ್ತಿ ಹಿಡಿಯುತ್ತದೆ, ದಾರಿಯಲ್ಲೇ ಬಹಳಷ್ಟು ಸವೆದೂ ಹೋಗುತ್ತದೆ. ಎಸಿ ಇಲ್ಲದ ಕಾಲಕ್ಕೆ ಅದು ಒಳ್ಳೆಯ ಗೋಡೆಯೇ. ಇದೇ ಕಾರಣಕ್ಕೆ 580 ಅನ್ನೋದೂ ಪೂರ್ತಿಯಾಗಿ ಒಂದೇ ಹೊತ್ತಿಗೆ ಬರುವುದಿಲ್ಲ. ಎರಡು ಗೋಡೆ ಹೋಲಿಸೋಕೆ ಮಾತ್ರ ಬಳಸಿ.

ಅದೇ ಸದಸ್ಯರು:
ತುಂಬಾ ಥ್ಯಾಂಕ್ಸ್ ಸರ್. ಹಾಗಾದರೆ ಎಎಸಿ ಹಾಕಿಸಿದರೆ ಒಂದು ಟನ್ ಎಸಿ ಸಾಕಾ? ಗೌಂಡಿ ಬ್ಲಾಕ್ ಕಟ್ಟೋಕೂ ಮಾಮೂಲಿ ಸಿಮೆಂಟ್ ಮಸಾಲೆ ಸಾಕು ಅನ್ನುತ್ತಾರೆ.

ಉತ್ತರ:
ಮಸಾಲೆ ಮೊದಲು. ಅರ್ಧ ಇಂಚಿನ ಸಿಮೆಂಟ್ ಸಂದು ಬಿಟ್ಟರೆ ಗೋಡೆಯ ಮುಖದಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟೇ ಆಗುತ್ತದೆ. ಆ ಸಂದಿನ ಯು 2.0, ಬ್ಲಾಕಿನದು 0.75. ಇವು ಒಂದರ ಹಿಂದೆ ಒಂದಲ್ಲ, ಅಕ್ಕಪಕ್ಕ ಇರುವ ದಾರಿಗಳು. ಹಾಗಾಗಿ ಇಲ್ಲಿ ಜಾಗದ ಪಾಲಿನಂತೆ ಯುಗಳನ್ನೇ ಕೂಡಿಸಬೇಕು. ಒಟ್ಟು ಯು 0.85ಕ್ಕೆ ಏರುತ್ತದೆ. ಬ್ಲಾಕಿಗೆ ಅಂತಲೇ ಬರುವ ಅಂಟು ತಂದು 3 ಮಿಲಿಮೀಟರ್ ಸಂದು ಬಿಡಿಸಿ. ಗೌಂಡಿಗೆ ರೂಢಿ ಇಲ್ಲದಿದ್ದರೆ ಮೊದಲ ದಿನ ಪಕ್ಕದಲ್ಲೇ ನಿಂತಿರಿ.

ಎಸಿ ಪ್ರಶ್ನೆಗೆ ಗೋಡೆ ಬಿಟ್ಟು ಮೇಲೆ ನೋಡಿ. ಕೋಣೆ 12 × 12 ಇದ್ದು, ಮೇಲೆ ಬರೀ 5 ಇಂಚಿನ ಸ್ಲ್ಯಾಬ್ ಮತ್ತು 2 ಇಂಚಿನ ಸಿಮೆಂಟ್ ಹಾಸು ಇದ್ದರೆ ಯು ಸುಮಾರು 2.7. ನಡುಮಧ್ಯಾಹ್ನ ಮಾಳಿಗೆಗೆ ಗೋಡೆಗಿಂತ ಜಾಸ್ತಿ ಬಿಸಿಲು. ಆಕಾಶಕ್ಕೆ ಮರಳಿ ಹೋಗುವ ಕಾವು ಕಳೆದರೂ ಹೊರಗೆ 57 ಹಿಡಿಯಬೇಕು. ಸಾವಿರ ವ್ಯಾಟ್ ದಾಟುತ್ತದೆ. ಒಂದು ಟನ್ ಎಸಿಯ ಶಕ್ತಿಯೇ 3,500 ವ್ಯಾಟ್. ಜನ, ಕಿಟಕಿ, ಉಳಿದ ಗೋಡೆ ಇನ್ನೂ ಎಣಿಸಿಲ್ಲ.

ಸ್ಲ್ಯಾಬಿನ ಮೇಲೆ 50 ಮಿಲಿಮೀಟರ್ ಎಕ್ಸ್‌ಪಿಎಸ್ ಹಲಗೆ (ಗಟ್ಟಿ ಥರ್ಮೋಕೋಲಿನಂಥದ್ದು, ಕೆ 0.03) ಹಾಕಿಸಿದರೆ ಯು 0.5ಕ್ಕೆ ಇಳಿದು ಅದೇ ಕಾವು 190 ವ್ಯಾಟ್ ಆಗುತ್ತದೆ. ಕೇಂದ್ರ ಸರ್ಕಾರದ 2018ರ ಇಕೋ ನಿವಾಸ್ ಸಂಹಿತೆ (ಮನೆಗಳಲ್ಲಿ ವಿದ್ಯುತ್ ಉಳಿಸುವ ನಿಯಮ) ಮಾಳಿಗೆಯ ಯು ಮೇಲೆ ಇಟ್ಟ ಮಿತಿ 1.2. ನಮ್ಮ ಬರೀ ಸ್ಲ್ಯಾಬ್ ಅದರ ಎರಡು ಪಟ್ಟಿಗೂ ಮೇಲೆ. ಹಲಗೆಯನ್ನು ಸ್ಲ್ಯಾಬಿನ ಕೆಳಗೆ ಅಂಟಿಸಬೇಡಿ, ಮೇಲೆಯೇ ಹಾಕಿಸಿ. ಆಗ ಸ್ಲ್ಯಾಬ್ ಅಷ್ಟಾಗಿ ಬಿಸಿಯಾಗುವುದಿಲ್ಲ, ಹಿಗ್ಗಿ ಬಿರುಕು ಬಿಡೋದೂ ಕಡಿಮೆ. ದುಡ್ಡು ಒಂದಕ್ಕೇ ಸಾಲುವುದಾದರೆ ನಾನು ಮಾಳಿಗೆಗೆ ಹಾಕುತ್ತೇನೆ, ಗೋಡೆ ಇಟ್ಟಂಗಿಯೇ ಇರಲಿ. ಇದನ್ನು ಮಾಡಿಸಿದರೆ ಒಂದು ಟನ್ ನಡೆಯುತ್ತದೆ.

ಪ್ರಶ್ನೆ (ಬಾಗಲಕೋಟೆ):
ಸರ್, ನಮ್ಮದು 15 ಇಂಚಿನ ಕಲ್ಲಿನ ಗೋಡೆ. ಕಲ್ಲು ತಂಪು ಅಂತಾರೆ, ಅಲ್ವಾ? ಈ ವರ್ಷ ಎಸಿ ಹಾಕಿಸಿದೆವು, ಕೋಣೆ ತಣ್ಣಗಾಗೋಕೆ ಎರಡು ತಾಸು ಬೇಕು.

ಉತ್ತರ:
ಕಲ್ಲಿನ ಕೆ ಇಟ್ಟಂಗಿಯ ಎರಡು ಮೂರು ಪಟ್ಟು. ಕೆ 2 ಹಿಡಿದರೂ ನಿಮ್ಮ ಗೋಡೆಯ ಯು 2.6, ಅಂದರೆ 9 ಇಂಚಿನ ಇಟ್ಟಂಗಿಗಿಂತ ಕೆಟ್ಟದ್ದು. ಅದು ಕಾವನ್ನು ತಡೆಯೋದಿಲ್ಲ, ತುಂಬಿಟ್ಟುಕೊಳ್ಳುತ್ತದೆ. ಎಸಿ ಹಾಕಿದಾಗ ಗಾಳಿಯ ಜೊತೆ ಅಷ್ಟೂ ಕಲ್ಲನ್ನು ತಣ್ಣಗೆ ಮಾಡಬೇಕು, ಎರಡು ತಾಸು ಅದಕ್ಕೇ. ಹಗಲು ಕಿಟಕಿ ಮುಚ್ಚಿ, ರಾತ್ರಿ ಎದುರುಬದುರು ಕಿಟಕಿ ತೆರೆದಿಡಿ. ಪಶ್ಚಿಮಕ್ಕೆ ತಗಡಿನದ್ದಾದರೂ ನೆರಳು ಮಾಡಿಸಿ, ಆ 14 ಡಿಗ್ರಿ ಹೋಗುತ್ತದೆ.

ಪ್ರಶ್ನೆ (ಬೆಳಗಾವಿ):
ನಮ್ಮಲ್ಲಿ ಬಿಸಿಲಿಗಿಂತ ಮಳೆ ಜಾಸ್ತಿ ರೀ. ಕೆಂಪು ಕಲ್ಲಿನ ಗೋಡೆ, ಹೊರಗೆ ಗಿಲಾವು ಇಲ್ಲ. ಚಳಿಗಾಲಕ್ಕೂ ಇದೇ ಲೆಕ್ಕಾನಾ?

ಉತ್ತರ:
ಅದೇ ಲೆಕ್ಕ, ಕಾವು ಒಳಗಿನಿಂದ ಹೊರಗೆ ಹೋಗುತ್ತದೆ ಅಷ್ಟೇ. ಆದರೆ ಪುಸ್ತಕದ ಕೆ ಒಣ ಕಲ್ಲಿನದು. ಕೆಂಪು ಕಲ್ಲಿನ ತೂತುಗಳಲ್ಲಿ ಗಾಳಿ ಇದ್ದರೆ ಆ ಗಾಳಿಯ ಕೆ 0.026, ನೀರು ತುಂಬಿದರೆ 0.6, ಇಪ್ಪತ್ತು ಪಟ್ಟಿಗೂ ಜಾಸ್ತಿ. ಹಾಗಾಗಿ ಒದ್ದೆ ಗೋಡೆಯಿಂದ ಕಾವು ಬೇಗ ಹೋಗುತ್ತದೆ. ಅದನ್ನು ತಡೆಯೋಕೆ ಥರ್ಮೋಕೋಲ್ ಅಂಟಿಸುವ ಯೋಚನೆ ಇದ್ದರೆ, ಮೊದಲು ಸಜ್ಜಾ ಸರಿ ಮಾಡಿಸಿ, ಸಂದು ತುಂಬಿಸಿ, ಒಂದು ಬೇಸಿಗೆ ಪೂರ್ತಿ ಒಣಗಲು ಬಿಡಿ. ಒದ್ದೆ ಗೋಡೆಯ ಮೇಲೆ ಥರ್ಮೋಕೋಲ್ ಅಂಟಿಸಿದರೆ ಹಿಂದೆ ಬೂಷ್ಟು ಹಿಡಿಯುತ್ತದೆ.