ಹತ್ತು ಕಂಪ್ಯೂಟರ್ ಇರುವ ಆಫೀಸಿಗೆ ಫೈರ್‌ವಾಲ್ ಬೇಕಾ? ಅನುಭವ ಇದ್ದವರು ಹೇಳಿ

ಕೇಳಿದವರು, ಚಿಕ್ಕಮಗಳೂರು

ನಮ್ಮದು ಕಾಫಿ ಕ್ಯೂರಿಂಗ್ ಘಟಕ. ಆಫೀಸಿನಲ್ಲಿ ಹತ್ತು ಕಂಪ್ಯೂಟರ್, ಒಂದರಲ್ಲಿ ಲೆಕ್ಕ ಬರೆಯುವ ಟ್ಯಾಲಿ. ಆಡಿಟರ್ ಹಾಸನದಿಂದಲೇ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಟ್ಯಾಲಿ ನೋಡುತ್ತಾರೆ. ಗೋದಾಮಿನ ಕ್ಯಾಮೆರಾ ನಮಗೆ ಫೋನಿನಲ್ಲಿ ಕಾಣುತ್ತದೆ. ಮೊನ್ನೆ ಒಬ್ಬರು ಬಂದು, ಹೊರಗಿನ ಇಂಟರ್ನೆಟ್ಟಿಗೂ ನಿಮ್ಮ ಕಂಪ್ಯೂಟರ್‌ಗಳಿಗೂ ನಡುವೆ ನಿಂತು ಬೇಡದ್ದನ್ನು ತಡೆಯುವ ಫೈರ್‌ವಾಲ್ ಹಾಕಿಸಿ, ವರ್ಷ ವರ್ಷ ಲೈಸೆನ್ಸ್ ಕಟ್ಟಬೇಕು ಅಂದರು. ನಮ್ಮಂಥ ಚಿಕ್ಕವರ ಮೇಲೆ ಯಾರು ಕಣ್ಣು ಹಾಕುತ್ತಾರೆ? ಬೇಕಾ ಇದೆಲ್ಲ?

ಹಾಸನ, ನೆಟ್‌ವರ್ಕ್ ಕೆಲಸ ಮಾಡುವವನು

ಮೇಡಂ, ಯಾರೂ ನಿಮ್ಮನ್ನೇ ಹುಡುಕಿಕೊಂಡು ಬರಬೇಕಾಗಿಲ್ಲ. ಇಂಟರ್ನೆಟ್‌ನಲ್ಲಿ ಕಾಣುವ ವಿಳಾಸಗಳನ್ನೆಲ್ಲ ಪ್ರೋಗ್ರಾಮ್‌ಗಳು ಹಗಲೂ ರಾತ್ರಿ ತಟ್ಟಿ ನೋಡುತ್ತಿರುತ್ತವೆ. 3389 ಪೋರ್ಟ್ (ಹೊರಗಿನಿಂದ ಒಳಗೆ ಬರುವ, ನಂಬರ್ ಹಾಕಿದ ಬಾಗಿಲು ಅಂದುಕೊಳ್ಳಿ) ತೆರೆದಿದ್ದರೆ ಅಲ್ಲಿ ರಿಮೋಟ್ ಡೆಸ್ಕ್‌ಟಾಪ್ ಇದೆ ಅಂತ ಗೊತ್ತಾಗುತ್ತದೆ. ಆಮೇಲೆ ಪಾಸ್‌ವರ್ಡ್ ಊಹಿಸುತ್ತಾ ಕೂರುತ್ತವೆ. ಒಳಗೆ ಬಂದರೆ ಫೈಲುಗಳನ್ನೆಲ್ಲ ಲಾಕ್ ಮಾಡಿ ದುಡ್ಡು ಕೇಳುತ್ತಾರೆ. ಇದಕ್ಕೇ ರಾನ್ಸಮ್‌ವೇರ್ ಅನ್ನುವುದು. ನಾನು ನೋಡಿದ ಇಂಥ ಕೇಸುಗಳು ಹೆಚ್ಚಾಗಿ ಈ ದಾರಿಯಲ್ಲೇ ಬಂದವು. ಪೋರ್ಟ್ ನಂಬರ್ ಬದಲಿಸಿದರೆ ಸಾಕು ಅನ್ನುವವರಿದ್ದಾರೆ. ಅದು ಸುಮ್ನೆ ಮನಸ್ಸಿನ ಸಮಾಧಾನ.

ಕ್ಯಾಮೆರಾದ ದೃಶ್ಯ ರೆಕಾರ್ಡ್ ಮಾಡುವ ಡಿವಿಆರ್ ಪೆಟ್ಟಿಗೆಯ ಕಥೆಯೂ ಇದೇ. 2016ರಲ್ಲಿ ಮಿರಾಯ್ ಅನ್ನುವ ಪ್ರೋಗ್ರಾಮ್, ಫ್ಯಾಕ್ಟರಿ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ರೂಟರ್‌ಗಳನ್ನು ಲಕ್ಷಗಟ್ಟಲೆ ಹಿಡಿದುಕೊಂಡು ದೊಡ್ಡ ದೊಡ್ಡ ವೆಬ್‌ಸೈಟ್‌ಗಳನ್ನೇ ಮಲಗಿಸಿತ್ತು.

ಹಾಗಾಗಿ ಮೊದಲು ರೂಟರ್ ಒಳಗೆ ಹೋಗಿ ಪೋರ್ಟ್ ಫಾರ್ವರ್ಡಿಂಗ್ ಪುಟ ನೋಡಿ, ಹೊರಗಿನವರಿಗೆ ಯಾವ ಪೋರ್ಟ್ ತೆರೆದಿದೆ ಅಂತ ಅಲ್ಲಿರುತ್ತದೆ. ಅಲ್ಲಿರುವುದನ್ನು ತೆಗೆಸಿ. ಉಪಕರಣಗಳು ತಾವಾಗಿಯೇ ಪೋರ್ಟ್ ತೆರೆದುಕೊಳ್ಳಲು ಬಿಡುವ ಯುಪಿಎನ್‌ಪಿ ಆಫ್ ಮಾಡಿಸಿ. ಆಡಿಟರ್ ವಿಪಿಎನ್ (ಇಂಟರ್ನೆಟ್ಟಿನೊಳಗೇ ಬೇರೆಯವರಿಗೆ ಕಾಣದ ಖಾಸಗಿ ದಾರಿ) ಮೂಲಕ ಬರಲಿ, ಪಾಸ್‌ವರ್ಡ್ ಜೊತೆ ಓಟಿಪಿಯೂ ಇರಲಿ. ಒಂದಿಷ್ಟು ಗೊಣಗುತ್ತಾರೆ, ಆಮೇಲೆ ಅಭ್ಯಾಸ ಆಗುತ್ತದೆ.

ಫೈರ್‌ವಾಲ್ ಬೇಡ ಅಂತ ನಾನು ಹೇಳುವುದಿಲ್ಲ. ವಿಪಿಎನ್ ಅದರಲ್ಲೇ ಸಿಗುತ್ತದೆ. ಕ್ಯಾಮೆರಾ, ಅತಿಥಿಗಳ ವೈಫೈ, ಟ್ಯಾಲಿ ಮೂರನ್ನೂ ಬೇರೆ ಬೇರೆ ಮಾಡಬಹುದು. ಆದರೆ ಹಾಕುವವರು ಹಳೇ ಪೋರ್ಟ್‌ಗಳನ್ನೇ ಅದರಲ್ಲೂ ತೆರೆದು ಕೊಟ್ಟು ಹೋದರೆ ನಿಮ್ಮ ದುಡ್ಡು ನೀರಿಗೆ ಹೋಯಿತು. ಕೊಳ್ಳುವ ಮೊದಲು ಇದನ್ನೇ ಕೇಳಿ. ತಡವರಿಸಿದರೆ ಬೇರೆಯವರನ್ನು ನೋಡಿ.

ಅರಸೀಕೆರೆ, ಸಹಕಾರ ಸಂಘದ ಲೆಕ್ಕ ನೋಡುವವರು

ಬ್ಯಾಕಪ್ ಬಗ್ಗೆ ಯಾರೂ ಹೇಳಲಿಲ್ಲ. ನಮಗೆ ಗೊತ್ತಿರುವ ಒಂದು ಮಂಡಿಯಲ್ಲಿ ದಿನಾ ಬ್ಯಾಕಪ್ ತೆಗೆಯುತ್ತಿದ್ದರು. ಆದರೆ ಡಿಸ್ಕ್ ಸದಾ ಕಂಪ್ಯೂಟರಿಗೆ ಸಿಕ್ಕಿಸಿಯೇ ಇರುತ್ತಿತ್ತು. ರಾನ್ಸಮ್‌ವೇರ್ ಬಂದಾಗ ಅದೂ ಲಾಕ್ ಆಯಿತು. ಇಡೀ ವರ್ಷದ ಬಿಲ್ಲು ಕೂತು ಮತ್ತೆ ಹೊಡೆದರು. ನಾವು ಎರಡು ಡಿಸ್ಕ್ ಇಟ್ಟಿದ್ದೇವೆ, ಒಂದು ಯಾವಾಗಲೂ ಬೀರುವಿನಲ್ಲಿ. ಆಗಾಗ ಬೇರೆ ಕಂಪ್ಯೂಟರಿನಲ್ಲಿ ತೆರೆದೂ ನೋಡುತ್ತೇವೆ.

ಕಡೂರು, ಸರ್ಕಾರಿ ಕಚೇರಿ

ನಮ್ಮಲ್ಲಿ ಕೆಸ್ವಾನ್ (ರಾಜ್ಯ ಸರ್ಕಾರಿ ಕಚೇರಿಗಳ ನೆಟ್‌ವರ್ಕ್) ಲೈನ್, ಫೈರ್‌ವಾಲ್ ಎಲ್ಲ ಮೇಲಿನವರೇ ನೋಡಿಕೊಳ್ಳುತ್ತಾರೆ. ಆದರೂ ಲೈನ್ ನಿಧಾನ ಅಂತ ಯಾರಾದರೊಬ್ಬರು ಅದೇ ಕಂಪ್ಯೂಟರನ್ನು ಮೊಬೈಲ್ ಹಾಟ್‌ಸ್ಪಾಟ್‌ಗೆ ಸೇರಿಸುತ್ತಾರೆ. ಅಲ್ಲಿಗೆ ಮೇಲಿನ ಫೈರ್‌ವಾಲ್ ಇದ್ದೂ ಇಲ್ಲದ ಹಾಗೆ, ಅಲ್ವಾ?

ಇನ್ನೊಂದು, ಅಪ್‌ಡೇಟ್. ವನ್ನಾಕ್ರೈ ಅನ್ನುವ ರಾನ್ಸಮ್‌ವೇರ್ ಬಂದದ್ದು 2017ರ ಮೇ ತಿಂಗಳಲ್ಲಿ. ಮೈಕ್ರೋಸಾಫ್ಟ್ ಅದು ನುಗ್ಗುವ ದೋಷಕ್ಕೆ ಪ್ಯಾಚ್ (ಸರಿಪಡಿಸುವ ಅಪ್‌ಡೇಟ್) ಕೊಟ್ಟದ್ದು ಮಾರ್ಚ್‌ನಲ್ಲೇ. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಟ್ಯಾಲಿ ಕಂಪ್ಯೂಟರಿನಲ್ಲಿ ಯಾವ ವಿಂಡೋಸ್ ಇದೆ ಅಂತ ನೋಡಿಕೊಳ್ಳಿ ಮೇಡಂ. ಸೈಬರ್ ದಾಳಿ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ಸೂಚನೆಯ ಪ್ರಕಾರ ಇಂಥ ದಾಳಿ ಗೊತ್ತಾದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು, 180 ದಿನದ ಲಾಗ್ (ಕಂಪ್ಯೂಟರ್‌ಗಳಲ್ಲಿ ಏನೇನು ನಡೆಯಿತು ಅನ್ನುವ ದಾಖಲೆ) ಇಟ್ಟಿರಬೇಕು. ಇದು ಸರ್ಕಾರಿ ಕಚೇರಿಗಷ್ಟೇ ಅಲ್ಲ, ಕಂಪನಿಗಳಿಗೂ ಅನ್ವಯ.

ಸಕಲೇಶಪುರ

ದಾಳಿ ಆದರೆ ಕೇಬಲ್ ಕೀಳಿ. ಫಾರ್ಮ್ಯಾಟ್ ಮಾಡಲು ಹೋಗಬೇಡಿ, ಸಾಕ್ಷಿ ಹೋಗುತ್ತದೆ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆಮೇಲೆ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆ. ಮಾಲು ಕೊಂಡವರೋ ಕೊಟ್ಟವರೋ ‘ಬ್ಯಾಂಕ್ ಖಾತೆ ಬದಲಾಗಿದೆ’ ಅಂತ ಮೇಲ್ ಕಳಿಸಿದರೆ, ನಿಮ್ಮ ಹತ್ತಿರ ಇರುವ ಹಳೇ ನಂಬರಿಗೆ ಫೋನ್ ಮಾಡಿಯೇ ನಂಬಿ.

ಕೇಳಿದವರು

ರೂಟರಿನ ಆ ಪುಟ ತೆರೆದು ನೋಡಿದೆವು. ಟ್ಯಾಲಿಗೆ ಒಂದು, ಕ್ಯಾಮೆರಾಗೆ ಒಂದು ಪೋರ್ಟ್ ಇದೆ. ಇನ್ನೊಂದು ಯಾರು ತೆರೆದರೋ ಯಾರಿಗೂ ಗೊತ್ತಿಲ್ಲ.

ಹಾಸನ

ಅದನ್ನೇ ಮೊದಲು ಮುಚ್ಚಿ ಮೇಡಂ. ಯಾರಿಗಾದರೂ ಬೇಕಿದ್ದರೆ ಅವರೇ ಫೋನ್ ಮಾಡುತ್ತಾರೆ. ಟ್ಯಾಲಿಯ ಪೋರ್ಟ್ ಎಷ್ಟು ದಿನದಿಂದ ತೆರೆದಿತ್ತೋ ಗೊತ್ತಿಲ್ಲವಲ್ಲ, ಆ ಕಂಪ್ಯೂಟರಿನ ಪಾಸ್‌ವರ್ಡ್‌ಗಳನ್ನೂ ಇವತ್ತೇ ಬದಲಿಸಿ. ಗೊತ್ತಿಲ್ಲದ ಯೂಸರ್ ಹೆಸರು ಏನಾದರೂ ಸೇರಿಕೊಂಡಿದೆಯಾ ನೋಡಿ.