ಗುಮ್ಮಟದ ಪಕ್ಕದ ಹೊಲ: ಪ್ಲಾಟಿಗೆ ಕೊಡಬೇಕಾ, ಬಿತ್ತಬೇಕಾ?

ಕೇಳಿದ್ದು: ವಿಜಯಪುರದ ಅಂಚಿನಲ್ಲಿ ನಮ್ಮದು 3 ಎಕರೆ ಎರೆ ಹೊಲ. ಪಕ್ಕದಲ್ಲೇ ಕೇಂದ್ರ ಪುರಾತತ್ವ ಇಲಾಖೆಯ ಹಳೇ ಗುಮ್ಮಟ. ಪ್ಲಾಟ್ ಮಾಡೋರು ಸಂಚಕಾರ (ಮುಂಗಡ ಹಣ) ಹಿಡಿದು ಬಂದಿದ್ದಾರೆ. ತಮ್ಮಂದಿರು ಮಾರೋಣ ಅಂತಾರೆ, ಅಪ್ಪ ಒಪ್ಪುತ್ತಿಲ್ಲ. ಇಂಥದ್ದು ಕಂಡವರು ಹೇಳಿ.

ಉತ್ತರ 1: ಅಣ್ಣಾ, ಸಂಚಕಾರ ಮುಟ್ಟುವ ಮೊದಲು ಹದ್ದು, ಅಂದರೆ ಗಡಿ, ಅಳೆಸಿ. 2010ರಲ್ಲಿ ಸ್ಮಾರಕಗಳ ಕಾಯ್ದೆ ತಿದ್ದಿದ ಮೇಲೆ ಸಂರಕ್ಷಿತ ಸ್ಮಾರಕದ ಹದ್ದಿನಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವ ಹಾಗೇ ಇಲ್ಲ. ಅದರಾಚೆಗೆ ಇನ್ನೂ 200 ಮೀಟರ್‌ವರೆಗೆ ಪರವಾನಗಿ ಇಲ್ಲದೆ ಕಟ್ಟುವಂತಿಲ್ಲ. ಮೀರಿದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಎರಡೂ ಬೀಳಬಹುದು.

ನಮ್ಮಲ್ಲಿ ಏಜೆಂಟ್ ಗುಮ್ಮಟದ ಗೋಡೆಗೇ ಟೇಪ್ ಹಚ್ಚಿ ಅಳೆದ. ಲೆಕ್ಕ ಹಿಡಿಯೋದು ಗೋಡೆಯಿಂದಲ್ಲ, ಸಂರಕ್ಷಿತ ಜಾಗದ ಹದ್ದಿನಿಂದ. ಅಲ್ಲಿಂದ ಅಳೆದಾಗ ಅವನ ನಕ್ಷೆಯ ಮುಂದಿನ ಸಾಲಿನ ಪ್ಲಾಟುಗಳೆಲ್ಲ ನಿಷೇಧದೊಳಗೇ ಬಿದ್ದವು. ಸಾಲ ಮಾಡಿ ಅಂಥ ಪ್ಲಾಟ್ ಕೊಂಡವರು ಎಲ್ಲಿಗೆ ಹೋಗಬೇಕು ಹೇಳಿ? ನಾವು ಕೊಡಲಿಲ್ಲ. ಅದೇ ಜಾಗದಲ್ಲಿ ಈಗಲೂ ಬಿಳಿಜೋಳ ಬಿತ್ತುತ್ತೇವೆ, ಯಾರೂ ಬೇಡ ಅಂದಿಲ್ಲ.

ಉತ್ತರ 2: ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ಮಾಸ್ಟರ್ ಪ್ಲಾನ್ ನೋಡಿ. ನಿಮ್ಮ ಸರ್ವೆ ನಂಬರ್ ಕೃಷಿ ವಲಯದಲ್ಲಿದ್ದರೆ ಎನ್‌ಎ (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗೋದು ಕಷ್ಟ. ಎನ್‌ಎ ಇಲ್ಲದೆ ಗುಂಟೆ ಲೆಕ್ಕದಲ್ಲಿ ಮಾರೋಣ ಅಂದವರನ್ನು ಅಂಗಳದಿಂದಲೇ ಕಳಿಸಿ. ಭೂಸುಧಾರಣಾ ಕಾಯ್ದೆಗೆ 2020ರ ತಿದ್ದುಪಡಿ ಆದ ಮೇಲೆ ರೈತರಲ್ಲದವರೂ ಹೊಲ ಕೊಳ್ಳಬಹುದು. ಅದಕ್ಕೇ ಕೇಳೋರು ಜಾಸ್ತಿ ಆಗಿದ್ದಾರೆ.

ಇನ್ನೊಂದು ಮಾತು. ನಮ್ಮ ಮೇಲಿನ ಹೊಲದವರು ಲೇಔಟ್ ಮಾಡಿ, ಗರಸು ಹಾಕಿ ರಸ್ತೆ ಎತ್ತರಿಸಿದರು. ಮೊದಲು ಹಳ್ಳಕ್ಕೆ ಹೋಗುತ್ತಿದ್ದ ಮಳೆ ನೀರು ಈಗ ನಮ್ಮ ಎರೆಯಲ್ಲೇ ನಿಲ್ಲುತ್ತದೆ. ತೊಗರಿ ಬುಡದಿಂದಲೇ ಹಳದಿ ಆಗಿ ಒಣಗಿತು. ಅರ್ಧ ಮಾರಿ ಅರ್ಧ ಬಿತ್ತೋಣ ಅನ್ನೋ ಯೋಚನೆ ಇದ್ದರೆ ನೀರಿನ ದಾರಿ ಎಲ್ಲಿ ಬಿಡ್ತಾರೆ ಅನ್ನೋದನ್ನ ಕರಾರಿನಲ್ಲಿ ಬರೆಸಿ. ಬಾಯಿಮಾತು ನಂಬಬೇಡಿ ಅಕ್ಕಾ ಅಂತ ನನಗೂ ಸರ್ವೆಯವರೇ ಹೇಳಿದ್ದು.

ಉತ್ತರ 3: ಮೇಲಿನ ಇಬ್ಬರೂ ಸರಿಯಾಗಿಯೇ ಹೇಳಿದ್ದಾರೆ. ನೆಲದೊಳಗೇನಿದೆ ಅನ್ನೋದನ್ನೂ ನೋಡಿ. ಆದಿಲ್‌ಶಾಹಿ ಕಾಲದಲ್ಲಿ ತೊರವಿಯ ಸುರಂಗ ಬಾವಿ ಕಡೆಯಿಂದ ಊರಿಗೆ ನೆಲದಡಿಯ ಕಾಲುವೆಯಲ್ಲೇ ನೀರು ಬರುತ್ತಿತ್ತು. ಕರೇಜ್ ಅಂತಾರಲ್ವಾ, ಅದೇ. ಆ ಕಾಲುವೆಗೆ ಗಾಳಿ ಆಡಲು ಮೇಲಿಂದ ತೋಡಿದ ಗಾಳಿಬಾವಿಗಳು ಹೊಲಗಳ ನಡುವೆಯೇ ಇವೆ. ಹೊರಗಿನಿಂದ ನೋಡಿದರೆ ಸುಮ್ನೆ ಕಲ್ಲು ಕಟ್ಟಿದ ತೂತಿನ ಹಾಗೆ ಕಾಣುತ್ತವೆ. ಜೆಸಿಬಿ ತಂದರೆ ಒಂದು ಹೊತ್ತಿನಲ್ಲಿ ಮುಚ್ಚಿಹೋಗುತ್ತವೆ, ಮತ್ತೆ ಯಾರಿಗೂ ಕಟ್ಟೋಕಾಗಲ್ಲ. ತಾಜ್ ಬಾವಡಿ, ಗೋಳಗುಮ್ಮಟ ನೋಡೋಕೆ ಜನ ಬರುತ್ತಾರೆ. ಈ ಗಾಳಿಬಾವಿಗಳನ್ನು ಹೊಲದವರು ಉಳಿಸಿದರಷ್ಟೇ ಉಳಿದಾವು.

ನಿಮ್ಮ ಅಪ್ಪನನ್ನೇ ಕೇಳಿ, ಹೊಲದ ಹಳೇ ಬಾವಿ, ಕಲ್ಲು ಎಲ್ಲ ಅವರಿಗೆ ಗೊತ್ತಿರುತ್ತವೆ. ಉತಾರ, ಸರ್ವೆ ನಕ್ಷೆ ಹಿಡಿದು ಅವರನ್ನೂ ಕರ್ಕೊಂಡು ಪುರಾತತ್ವ ಇಲಾಖೆಗೆ ಹೋಗಿ ಬನ್ನಿ. ತಮ್ಮಂದಿರೂ ಜೊತೆಗಿರಲಿ.