ಪದಚರ್ಚೆ: ‘ಸೀದ’ ಅನ್ನದೆ ಸ್ಟೌಟ್ ಹೊಗಳುವುದು ಹೇಗೆ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಿತ್ತು. ವಿಷಯ ಬಿಯರ್. ಇಷ್ಟವಿಲ್ಲದವರು ಸುಮ್ನೆ ಮುಂದಿನ ಓಲೆಗೆ ಹೋಗಿ, ಬೇಜಾರಿಲ್ಲ. ಸ್ಟೌಟ್ ಅನ್ನುವ ಕಪ್ಪು ಬಿಯರ್ ಇದೆಯಲ್ಲ, ಅದನ್ನು ಲೋಟಕ್ಕೆ ಸುರಿದ ಕೂಡಲೇ ಮೂಗಿಗೆ ಬಡಿಯುವ ಆ ಕಪ್ಪು ವಾಸನೆಗೆ ಕನ್ನಡದಲ್ಲಿ ಏನನ್ನುತ್ತೀರಿ? ಹೊಗಳುವ ಪದ ಬೇಕು. ಬೈಯುವ ಪದ ನಮ್ಮಲ್ಲಿ ಬೇಕಾದಷ್ಟಿವೆ, ತೊಂದರೆ ಇರುವುದೇ ಅಲ್ಲಿ.

ಯಾಕೆ ಬೇಕು ಅಂತ ಹೇಳಿಬಿಡುತ್ತೇನೆ. ಮೈಸೂರು, ಮಂಡ್ಯ ಸೇರಿ ನಾವು ಕೆಲವರು ಹಣ್ಣು ಹಾಕಿದ ಸ್ಟೌಟ್‌ಗಳನ್ನು ಹುಡುಕಿ ರುಚಿ ನೋಡುತ್ತೇವೆ. ರುಚಿ ನೋಡಿದ್ದನ್ನು ಕನ್ನಡದಲ್ಲೇ ಬರೆದು ವಾಟ್ಸಾಪ್ ಗುಂಪಿಗೆ ಹಾಕಬೇಕು ಅನ್ನುವುದು ನಮ್ಮ ಕಟ್ಟಳೆ. ಹುಡುಕುವುದು ಸುಲಭ ಅಲ್ಲ. ಇಲ್ಲಿಯ ಎಂಆರ್‌ಪಿ ಅಂಗಡಿಗಳಲ್ಲಿ ಸ್ಟೌಟ್ ಕೇಳಿದರೆ ‘ಸ್ಟ್ರಾಂಗ್ ತಾನೇ ಸಾರ್’ ಅಂತ ಬೇರೇನೋ ಕೈಗಿಡುತ್ತಾರೆ. ಪಕ್ಕದ ನಂಜನಗೂಡಿನಲ್ಲಿ ದೊಡ್ಡ ಬಿಯರ್ ಕಾರ್ಖಾನೆಯೇ ಇದ್ದರೂ ಅದರಿಂದ ನಮಗೇನೂ ಉಪಯೋಗ ಇಲ್ಲ. ಬೆಂಗಳೂರಿನ ಇಂದಿರಾನಗರದ ಕಡೆಯ ಬ್ರೂಪಬ್‌ಗಳಲ್ಲಿ, ಅಂದರೆ ತಾವೇ ಬಿಯರ್ ಮಾಡಿ ಮಾರುವ ಪಬ್‌ಗಳಲ್ಲಿ, ಆಗೀಗ ಹಣ್ಣು ಹಾಕಿದ ಸ್ಟೌಟ್ ಬರುತ್ತದೆ, ಆ ಟ್ಯಾಂಕು ಖಾಲಿ ಆದರೆ ಮುಗಿಯಿತು, ಮತ್ತೆ ಬರುವ ಭರವಸೆ ಇಲ್ಲ. ಉಳಿದದ್ದು ಹೊರದೇಶದಿಂದ ಬರುವ ನೆಂಟರು. ಒಬ್ಬರು ಎರಡು ಲೀಟರ್ ತನಕ ಸುಂಕ ಇಲ್ಲದೆ ತರಬಹುದು. ಅಮೆರಿಕದ ಬಾಟಲಿ 355 ಎಂಎಲ್, ಅಂದರೆ ಐದು ಬಾಟಲಿ. ಆ ಐದರಲ್ಲಿ ನಮ್ಮ ಪಾಲೆಷ್ಟು, ಅವರ ಭಾವನವರ ಪಾಲೆಷ್ಟು ಅನ್ನುವುದು ಬೇರೆಯೇ ಪಂಚಾಯ್ತಿ.

ಹೀಗೆ ಸಿಕ್ಕಿದ್ದರಲ್ಲಿ ನನಗೆ ತುಂಬಾ ಹಿಡಿಸಿದ್ದು ಅಮೆರಿಕದ ಮಿಷಿಗನ್‌ನ ಬೆಲ್ಸ್ ಬ್ರೂವರಿಯವರ ಚೆರಿ ಸ್ಟೌಟ್. ಅದೇ ರಾಜ್ಯದ ಟ್ರಾವರ್ಸ್ ಸಿಟಿ ಕಡೆ ಬೆಳೆಯುವ ಮಾಂಟ್‌ಮೊರೆನ್ಸಿ ಅನ್ನುವ ಹುಳಿ ಚೆರಿ ಅದಕ್ಕೆ ಬೀಳುತ್ತದೆ. ಅಲ್ಲಿಯದೇ ಡಾರ್ಕ್ ಹಾರ್ಸ್ ಅವರ ಬ್ಲೂಬೆರಿ ಸ್ಟೌಟ್ ಕೂಡ ಹೆಸರಾದದ್ದು, ಆದರೆ ನನಗೆ ಅಷ್ಟಕ್ಕಷ್ಟೇ. ಇಂಗ್ಲೆಂಡಿನ ಟೈಟಾನಿಕ್ ಬ್ರೂವರಿಯ ಪ್ಲಮ್ ಪೋರ್ಟರ್ ಇನ್ನೊಂದು. ಪೋರ್ಟರ್ ಅಂದರೆ ಇನ್ನೊಂದು ಬಗೆಯ ಕಪ್ಪು ಬಿಯರ್. ಆದರೂ ನಮ್ಮ ಲೆಕ್ಕಕ್ಕೆ ಸೇರಿಸಿಕೊಂಡಿದ್ದೇವೆ, ಯಾಕೆಂದರೆ ಸ್ಟೌಟ್ ಹುಟ್ಟಿದ್ದೇ ಪೋರ್ಟರ್ ಮನೆಯಲ್ಲಿ. 18ನೇ ಶತಮಾನದ ಲಂಡನ್ನಿನಲ್ಲಿ ಗಟ್ಟಿ ಪೋರ್ಟರಿಗೆ ‘ಸ್ಟೌಟ್ ಪೋರ್ಟರ್’ ಅನ್ನುತ್ತಿದ್ದರು. ಆಮೇಲೆ ಪೋರ್ಟರ್ ಉದುರಿ ಸ್ಟೌಟ್ ಉಳಿಯಿತು. ಈಗ ಆ ಗಟ್ಟಿತನವೂ ಉಳಿದಿಲ್ಲ ಬಿಡಿ. ಹೆಸರಾಂತ ಸ್ಟೌಟ್ ಗಿನ್ನೆಸ್ ಡ್ರಾಫ್ಟಿನಲ್ಲಿ ಆಲ್ಕೊಹಾಲ್ ಬರೀ 4.2 ಪರ್ಸೆಂಟು, ನಮ್ಮ ಅಂಗಡಿಯ ‘ಸ್ಟ್ರಾಂಗ್’ ಅದಕ್ಕಿಂತ ಎಷ್ಟೋ ಜಾಸ್ತಿ. ಕಪ್ಪಗಿದ್ದರೆ ಕಿಕ್ ಜಾಸ್ತಿ ಅನ್ನುವುದು ಬರೀ ನಂಬಿಕೆ.

ಈಗ ಜಗಳಕ್ಕೆ ಬರುತ್ತೇನೆ. ಮಂಡ್ಯದ ಗೆಳೆಯ ಚೆರಿ ಸ್ಟೌಟ್ ಬಗ್ಗೆ ‘ಸೀದ ವಾಸನೆ ಚೆನ್ನಾಗಿದೆ, ಹಿಂದೆಯೇ ಹುಳಿ ಬರುತ್ತದೆ’ ಅಂತ ಬರೆದ. ಅವನ ಹೆಂಡತಿ ಓದಿ ‘ಸೀದ ಮೇಲೆ ಚೆನ್ನಾಗಿರೋದು ಎಲ್ಲಿಂದ ಬಂತು?’ ಅಂತ ಕೇಳಿದರಂತೆ. ಅವರು ಕೇಳಿದ್ದು ಸರಿಯಾಗಿಯೇ ಇದೆ. ‘ಸೀ’ ಅನ್ನುವುದು ತಾನಾಗಿ ಆಗುವ ಕೆಲಸ. ಅನ್ನ ಸೀಯುತ್ತದೆ, ಹಾಲು ತಳ ಹಿಡಿದು ಸೀಯುತ್ತದೆ. ಬೇಕಂತಲೇ ಯಾರೂ ಸೀಯಿಸುವುದಿಲ್ಲ. ‘ಸೀಯಿಸಿಬಿಟ್ಟೆ’ ಅಂದರೆ ಅದು ಬೈಗುಳವೇ. ಆದರೆ ‘ಸುಡು’ ಹಾಗಲ್ಲ. ಬದನೆಕಾಯಿಯನ್ನು ಬೇಕಂತಲೇ ಕೆಂಡದಲ್ಲಿ ಸುಡುತ್ತೇವೆ, ಸುಟ್ಟ ಬದನೆಕಾಯಿ ಗೊಜ್ಜು ಅಂದರೆ ಬಾಯಲ್ಲಿ ನೀರು. ಹಾಗಾದರೆ ‘ಸುಟ್ಟ ವಾಸನೆ’ ಅನ್ನೋಣವೇ ಅಂದರೆ ಅದೂ ಆಗುವುದಿಲ್ಲ. ಗೊಜ್ಜಿಗೆ ಅಂಟಿಕೊಂಡಾಗ ಒಳ್ಳೆಯದಾದ ‘ಸುಟ್ಟ’, ‘ವಾಸನೆ’ಗೆ ಅಂಟಿಕೊಂಡ ಕೂಡಲೇ ಎಲ್ಲರೂ ಎದ್ದು ಸ್ವಿಚ್‌ಬೋರ್ಡ್ ನೋಡಲು ಓಡುತ್ತಾರೆ. ‘ಕಮಟು’ ಅಂತ ಒಬ್ಬರು ಹೇಳಿದರು. ಅದು ಕೆಟ್ಟ ಎಣ್ಣೆಯ ಕಡೆ ಹೋಗುತ್ತದೆ. ‘ಕರಕಲು’ ಕಣ್ಣಿಗೆ ಕಾಣುವುದಕ್ಕೆ ಸರಿ, ಮೂಗಿಗೆ ಅಲ್ಲ.

ಉಳಿದದ್ದು ‘ಹುರಿ’. ಇದು ವಸ್ತುವಿಗೂ ಹೊಂದುತ್ತದೆ. ಸ್ಟೌಟಿನ ಕಪ್ಪು ಬರುವುದೇ ಹುರಿದ ಬಾರ್ಲಿಯಿಂದ. 1817ರಲ್ಲಿ ಡೇನಿಯಲ್ ವೀಲರ್ ಅನ್ನುವವನು ಕಾಫಿ ಹುರಿಯುವಂಥ ತಿರುಗುವ ಡ್ರಮ್ಮಿನಲ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಕಾಳು) ಹುರಿದು ಕಪ್ಪು ಮಾಡುವುದಕ್ಕೆ ಪೇಟೆಂಟ್ ತೆಗೆದುಕೊಂಡ. ಆಮೇಲೆ ಒಂದು ಹಿಡಿ ಕಪ್ಪು ಮಾಲ್ಟಿನಲ್ಲಿ ಇಡೀ ಹಂಡೆಗೆ ಬಣ್ಣ ಬರುವಂತಾಯಿತು. ನಮ್ಮವರಿಗೂ ಇದು ಹೊಸ ಕೆಲಸ ಏನಲ್ಲ. ಮಾಲ್ಟ್ ಅಂದರೆ ಮಂಡ್ಯದಲ್ಲಿ ರಾಗಿ ಮಾಲ್ಟೇ ಅಲ್ವಾ? ಮೊಳಕೆ ಕಟ್ಟು, ಒಣಗಿಸು, ಹುರಿ, ಬೀಸು. ಹುದುಗು ಬರಿಸುವ ಮುಂಚಿನ ತನಕ ಎರಡೂ ಒಂದೇ ದಾರಿ.

ಆದರೆ ‘ಹುರಿದ’ ಅಂದರೆ ಅರ್ಧ ದಾರಿ ಮಾತ್ರ ಹೋದ ಹಾಗೆ ಆಗುತ್ತದೆ. ಅಡುಗೆಮನೆಯಲ್ಲಿ ಹುರಿಯುವುದಕ್ಕೆ ಎಷ್ಟು ಚೆಂದದ ಅಳತೆಗಳಿವೆ ನೋಡಿ: ಹಸಿ ವಾಸನೆ ಹೋಗುವಷ್ಟು, ಘಮ್ ಅನ್ನುವಷ್ಟು, ಕೆಂಪಗಾಗುವಷ್ಟು. ಅಲ್ಲಿಗೆ ನಿಂತಿತು. ಅದರಾಚೆ ಹೋದರೆ ಬಾಣಲೆ ಇಳಿಸಿಲ್ಲ ಅಂತ ಅರ್ಥ, ಅದಕ್ಕೆ ಒಳ್ಳೆಯ ಪದ ಹುಟ್ಟಿಸುವ ಅಗತ್ಯ ಯಾರಿಗೂ ಬಂದಿಲ್ಲ. ಸ್ಟೌಟಿಗೆ ಬಾರ್ಲಿ ಹುರಿಯುವುದು 200 ಡಿಗ್ರಿ ಸೆಲ್ಸಿಯಸ್ ದಾಟಿಸಿ. ಅಂದರೆ ನಮ್ಮ ಅಡುಗೆಮನೆಯ ಪದಗಳು ಎಲ್ಲಿ ನಿಂತವೋ ಅಲ್ಲಿಂದಲೇ ಸ್ಟೌಟಿನ ರುಚಿ ಶುರು. ನಮ್ಮಲ್ಲಿ ರುಚಿಯ ಪದ ಕಡಿಮೆ ಅಂತ ಗೊಣಗುವವರು ಬಹಳ, ನಾನು ಒಪ್ಪುವುದಿಲ್ಲ. ಕಪ್ಪು, ಹುಳಿತ, ಕೊಳೆತದ ಪದಗಳೆಲ್ಲ ತಪ್ಪು ಹಿಡಿಯುವುದಕ್ಕೆ ಹುಟ್ಟಿದವು, ಅಷ್ಟೇ. ಅವನ್ನು ಹೊಗಳಿಕೆಗೆ ಬಗ್ಗಿಸಬೇಕು, ಇಲ್ಲ ಹೊಸದು ಕಟ್ಟಬೇಕು.

ಹಾಗಾಗಿ ನಾನು ‘ಹುರಿಗಂಪು’ ಅಂತ ಬರೆಯಲು ಶುರು ಮಾಡಿದ್ದೇನೆ. ಹುರಿ ಮತ್ತು ಕಂಪು. ಮಳೆಗಾಲದಲ್ಲಿ ಕಾಲ ಗಾಲ ಆದ ಹಾಗೆ. ಮಂಡ್ಯದವನು ಇದು ಕಡಲೆಕಾಯಿ ಮಾರುವವನ ಬೋರ್ಡಿನ ಹಾಗಿದೆ ಅಂತಾನೆ. ಸ್ವಲ್ಪ ಹೌದು. ಕಡು ಸ್ಟೌಟಿಗೆ ‘ಕಡುಹುರಿ’ ಅನ್ನೋಣವೇ? ಕೊಡಗು, ಚಿಕ್ಕಮಗಳೂರಿನ ಕಡೆಯವರು ಯಾರಾದರೂ ಇದ್ದರೆ ಹೇಳಿ, ಕಾಫಿ ಬೀಜವನ್ನು ಕಪ್ಪಗೆ, ಎಣ್ಣೆ ಬಿಡುವ ತನಕ ಹುರಿಯುವವರು ಆ ಹದಕ್ಕೆ ಏನನ್ನುತ್ತಾರೆ? ಅಂಗಡಿಯವರು ಹೇಳುವ ‘ಡಾರ್ಕ್ ರೋಸ್ಟ್’ ಬೇಡ, ಹುರಿಯುವವರ ಬಾಯಲ್ಲಿ ಬರುವ ಪದ ಬೇಕು.

ಇದೇ ತೊಂದರೆ ಕಾಕಂಬಿಗೂ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕಕ್ಕೂ ಇದೆ. ಇಂಗ್ಲಿಷಿನಲ್ಲಿ ಸ್ಟೌಟ್ ಬಗ್ಗೆ ಬರೆಯುವವರು ಮೊಲಾಸಸ್ ಅನ್ನುವುದನ್ನು ಹೊಗಳಿಕೆಯಾಗಿ ಬಳಸುತ್ತಾರೆ. ಅದಕ್ಕೆ ಕಾಕಂಬಿ ಅನ್ನುವ ಅಪ್ಪಟ ಪದ ನಮಗಿದೆ. ಆದರೆ 1933ರಿಂದ ಮೈಷುಗರ್ ಸಕ್ಕರೆ ಕಾರ್ಖಾನೆ ಇರುವ ಮಂಡ್ಯದವರಿಗೆ ಕಾಕಂಬಿ ಅಂದರೆ ಕಾರ್ಖಾನೆಯ ಕಡೆಯಿಂದ ಗಾಳಿ ಬೀಸಿದಾಗ ಬರುವ ನಾತ. ನಾನು ಅದರ ಬದಲು ‘ಕರಿಬೆಲ್ಲ’ ಅಂತ ಬರೆಯುತ್ತೇನೆ. ಆಲೆಮನೆಯಲ್ಲಿ ಕೊಪ್ಪರಿಗೆಯ ಪಾಕ ಇನ್ನೇನು ಹದ ಮೀರಬೇಕು ಅನ್ನುವಾಗಿನ ಆ ವಾಸನೆಗೆ ಮಂಡ್ಯದ ಕಡೆ ಬೇರೆ ಪದ ಇರಲೇಬೇಕು ಅಂತ ನನ್ನ ಗುಮಾನಿ. ಆಲೆಮನೆಯವರ ಮಕ್ಕಳು, ಮೊಮ್ಮಕ್ಕಳು ಈ ಪಟ್ಟಿಯಲ್ಲಿ ಇದ್ದರೆ ಮನೆಯಲ್ಲಿ ಕೇಳಿ ನೋಡಿ.

ಒಗರಿನ ವಿಷಯದಲ್ಲಿ ಮಾತ್ರ ನಾವು ಶ್ರೀಮಂತರು. ಸಿಹಿ, ಹುಳಿ, ಉಪ್ಪು, ಖಾರ, ಕಹಿ ಜೊತೆಗೆ ಒಗರನ್ನೂ ಆರನೆಯ ರುಚಿಯಾಗಿ ಎಣಿಸುವ ನಮಗೆ ಸಣ್ಣ ಮಗುವಿಗೂ ಅದು ಗೊತ್ತು. ಹಣ್ಣಿನ ಸಿಪ್ಪೆಯಲ್ಲಿ ಒಗರು ಕೊಡುವ ಟ್ಯಾನಿನ್ ಇರುತ್ತದೆ, ಕಪ್ಪಗೆ ಹುರಿದ ಕಾಳು ಬೇರೆ ಬಾಯಿ ಒಣಗಿಸುತ್ತದೆ. ಎರಡೂ ಸೇರಿದಾಗ ನಾಲಿಗೆಯ ಅಂಚು ಹಿಡಿದುಕೊಳ್ಳುತ್ತದೆ. ಬೆಂಗಳೂರಿನಲ್ಲಿ ಕುಡಿದ ನೇರಳೆ ಹಣ್ಣಿನ ಸ್ಟೌಟ್ ಹೀಗೇ ಇತ್ತು, ಅದಕ್ಕೆ ‘ಒಗರು’ ಬಿಟ್ಟು ಬೇರೆ ಪದ ಬೇಕೇ ಆಗಲಿಲ್ಲ. ಆಡುವಾಗ ನಾವು ‘ವಗರು’ ಅಂತೀವಿ, ಬರೆಯುವಾಗ ಒಗರು. ಮಲೆನಾಡಿನವರ ‘ಚೊಗರು’ ಅಡಿಕೆ ಬೇಯಿಸಿದ ನೀರಿಗೆ ಮಾತ್ರವೋ, ಬಾಯಲ್ಲಿ ಆಗುವ ಒಗರಿಗೂ ಅನ್ನುತ್ತೀರೋ? ರುಚಿಗೂ ಬಳಸುವುದಾದರೆ ತೆಳು ಒಗರಿಗೆ ಒಗರು, ಬಾಯಿ ಹಿಡಿಸುವಂಥದ್ದಕ್ಕೆ ಚೊಗರು ಅಂತ ಇಟ್ಟುಕೊಳ್ಳಬಹುದು.

ಇನ್ನು ಹೆಸರು. ‘ಹಣ್ಣಿನ ಸ್ಟೌಟ್’ ಅಂದ ಕೂಡಲೇ ಜನ ಜ್ಯೂಸ್ ತರಹ ಸಿಹಿ ಇರುತ್ತದೆ ಅಂದುಕೊಳ್ಳುತ್ತಾರೆ. ಹಾಗಾಗುವುದಿಲ್ಲ. ಹಣ್ಣಿನ ಸಕ್ಕರೆಯನ್ನು ಹುದುಗು ಬರಿಸುವ ಈಸ್ಟ್ ತಿಂದು ಮುಗಿಸುತ್ತದೆ, ಉಳಿಯುವುದು ಹುಳಿ, ಒಗರು ಮತ್ತು ಒಂದಿಷ್ಟು ಕಂಪು. ಮಾವಿನ ಹಣ್ಣು ಹಾಕಿದರೆ ರಸಪುರಿಯ ಸಿಹಿ ಹುಡುಕಬೇಡಿ. ಸಿಹಿ ಬೇಕಾದವರು ಹಾಲಿನ ಸಕ್ಕರೆ ಸೇರಿಸುತ್ತಾರೆ, ಅದನ್ನು ಬಿಯರ್ ಈಸ್ಟಿಗೆ ತಿನ್ನಲು ಆಗುವುದಿಲ್ಲ. ಅದೇ ಮಿಲ್ಕ್ ಸ್ಟೌಟ್. ಅದರಲ್ಲಿ ಹಾಲು ಇಲ್ಲ. ಚಾಕೊಲೇಟ್ ಮಾಲ್ಟಿನಲ್ಲೂ ಚಾಕೊಲೇಟ್ ಇಲ್ಲ, ಬಣ್ಣ ನೋಡಿ ಇಟ್ಟ ಹೆಸರು. ಇನ್ನು ಕೆಲವು ಬಿಯರ್‌ಗಳಲ್ಲಿ ಹಣ್ಣೇ ಹಾಕದೆ ಬಾಳೆಹಣ್ಣಿನ ವಾಸನೆ ಬರುತ್ತದೆ, ಅದು ಈಸ್ಟಿನದೇ ಕೈಚಳಕ. ನಮ್ಮಲ್ಲೊಬ್ಬರು ಅಂಥದ್ದನ್ನು ಮೂಸಿ ‘ನಂಜನಗೂಡು ರಸಬಾಳೆ ಹಾಕಿರಬೇಕು’ ಅಂತ ಪಟ್ಟು ಹಿಡಿದಿದ್ದರು.

ಹೀಗಿರುವಾಗ ಹೆಸರಿನಲ್ಲೇ ಗೊತ್ತಾಗಬೇಕಲ್ಲ. ನನ್ನ ಸಲಹೆ: ನಿಜವಾಗಿ ಹಣ್ಣು ಬಿದ್ದಿದ್ದರೆ ‘ನೇರಳೆ ಸ್ಟೌಟ್’, ಅವರೆಕಾಳು ಉಪ್ಪಿಟ್ಟು ಅಂದ ಹಾಗೆ, ನಡುವೆ ‘ಇನ’ ಬೇಡ. ಎಸೆನ್ಸ್ ಮಾತ್ರ ಇದ್ದರೆ, ಇಲ್ಲವೇ ಈಸ್ಟಿನಿಂದ ಬಂದಿದ್ದರೆ ‘ನೇರಳೆ ಕಂಪಿನ ಸ್ಟೌಟ್’. ಈ ವ್ಯತ್ಯಾಸ ಕಿವಿಗೆ ಸಲೀಸಾಗಿ ಕೇಳುತ್ತದೆಯೋ, ನಾನೇ ಎಳೆಯುತ್ತಿದ್ದೇನೋ ಹೇಳಿ. ‘ಹಣ್ಣಿನ ಸ್ವಾದದ’ ಅನ್ನುವುದು ನನಗೆ ಬೇಡ, ಅದು ಕೆಮ್ಮಿನ ಸಿರಪ್ಪಿನ ಲೇಬಲ್ ಭಾಷೆ. ಅಂದ ಹಾಗೆ 2024ರ ಕಾನೂನಿನಿಂದ ಪಬ್‌ಗಳ ಹೊರಗಿನ ಬೋರ್ಡಿನಲ್ಲಿ 60 ಪರ್ಸೆಂಟ್ ಕನ್ನಡ ಬಂದಿದೆ. ನಾನು ನೋಡಿದ ಕಡೆಗಳಲ್ಲಿ ಒಳಗಿನ ಮೆನುವಿನಲ್ಲಿ ಸೊನ್ನೆ. ಮೆನು ಬರೆಯುವವರು ಮುಂದೊಂದು ದಿನ ಕೇಳಿದರೆ ಕೊಡುವುದಕ್ಕೆ ನಮ್ಮ ಹತ್ತಿರ ಪದಗಳಾದರೂ ಇರಲಿ.

ಇನ್ನೊಂದು ಕೋರಿಕೆ ಮೈಸೂರಿನವರಿಗೆ. ಚೆಲುವಾಂಬ ಮ್ಯಾನ್ಷನ್ನಿನಲ್ಲಿ 1950ರಿಂದ ಆಹಾರ ಸಂಶೋಧನೆಯ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ, ಅಲ್ಲಿ ರುಚಿ ನೋಡುವುದೇ ಒಂದು ಶಾಸ್ತ್ರ. ವರದಿ ಇಂಗ್ಲಿಷಿನಲ್ಲಿ ಬರೆದಿರುತ್ತಾರೆ, ಸರಿ. ಆದರೆ ರುಚಿ ನೋಡಲು ಕೂತ ಕನ್ನಡದವರು ತಮ್ಮತಮ್ಮಲ್ಲಿ ಏನಾದರೂ ಅಂದುಕೊಂಡಿರುತ್ತಾರಲ್ಲ, ಅದು ಬೇಕು. ಅಲ್ಲಿ ಕೆಲಸ ಮಾಡಿದವರು ಗೊತ್ತಿದ್ದರೆ ಈ ಓಲೆ ಅವರಿಗೆ ಕಳಿಸಿ. ನುಂಗಿದ ಮೇಲೆ ಬಾಯಲ್ಲಿ ಉಳಿಯುವ ರುಚಿಗೆ ಅವರು ಏನನ್ನುತ್ತಿದ್ದರು ಅಂತಲೂ ಕೇಳಿ. ನಾವು ಸದ್ಯಕ್ಕೆ ‘ಕೊನೆರುಚಿ’ ಅಂತ ಹೊಂದಿಸಿಕೊಂಡಿದ್ದೇವೆ. ಸ್ಟೌಟಿನಲ್ಲಿ ಹಣ್ಣು ಸಿಗುವುದು ಬಹಳ ಸಲ ಅಲ್ಲೇ, ಅದೂ ತಣ್ಣಗೆ ಕೊರೆಯುತ್ತಿರುವಾಗ ಅಲ್ಲ, ಫ್ರಿಜ್ಜಿನಿಂದ ತೆಗೆದು ಸ್ವಲ್ಪ ಹೊತ್ತು ಬಿಟ್ಟ ಮೇಲೆ. ತಂಪು ಜಾಸ್ತಿ ಇದ್ದರೆ ಕಂಪು ಏಳುವುದಿಲ್ಲ, ಬರೀ ಕಹಿ ಸಿಗುತ್ತದೆ. ನಮ್ಮ ಬಾರ್‌ಗಳಲ್ಲಿ ‘ಚಿಲ್ಡ್ ಬೇಡ’ ಅಂದರೆ ಮಾತ್ರ ವಿಚಿತ್ರವಾಗಿ ನೋಡುತ್ತಾರೆ.

ಕೊನೆಯದು ಚೆರಿ. ಬೇಕರಿಯಲ್ಲಿ ಕೇಕಿನ ಮೇಲೆ ಕೂರುವ ಕೆಂಪು ‘ಚೆರಿ’ ಎಷ್ಟೋ ಸಲ ಸಕ್ಕರೆ ಪಾಕದಲ್ಲಿ ಅದ್ದಿ ಬಣ್ಣ ಕಟ್ಟಿದ ಕವಳೆಕಾಯಿ. ಹಾಗಾಗಿ ಚೆರಿ ಸ್ಟೌಟ್ ಅಂದರೆ ನಮ್ಮೂರಿನವರ ನಾಲಿಗೆ ಮೊದಲು ಹೋಗುವುದು ಅಲ್ಲಿಗೇ, ಕುಡಿದ ಮೇಲೆ ‘ಚೆರಿ ಎಲ್ಲಿದೆ?’ ಅನ್ನುತ್ತಾರೆ. ‘ಹುಳಿ ಚೆರಿ’ ಅಂತ ಬರೆದರೆ ಸಾಕೇ? ಅಥವಾ ಇಲ್ಲಿಯ ಯಾವುದಾದರೂ ಹಣ್ಣಿನ ಹೆಸರು ಹೇಳಿ ‘ಅದರ ಹುಳಿಯ ಹಾಗೆ’ ಅನ್ನುವುದು ಮೇಲೋ? ಹಾಗೆ ಹೇಳುವುದಾದರೆ ಯಾವ ಹಣ್ಣು?